ಮಡ್ಡಿಯ ಮೇಲಿನ ಎರಡನೇ ಊರು

ಹೊಳೆಯ ಕಡೆ ಕಿಟಕಿ ಇದ್ದ ಅಡುಗೆಮನೆಯಲ್ಲಿ ಸುಗಂಧಾ ಹಾಲು ಕಾಯಿಸಲು ನಿಂತಳೆಂದರೆ ಅವತ್ತು ಹಾಲು ಉಕ್ಕುವುದು ಖಾತ್ರಿ. ಕೈ ಸೌಟಿನ ಮೇಲೆ, ಕಣ್ಣು ಕಬ್ಬಿನ ಗರಿಗಳ ಮೇಲೆ. ಗಾಳಿ ಬಂದಾಗ ಗರಿಗಳೆಲ್ಲ ಒಂದೇ ದಿಕ್ಕಿಗೆ ಮಲಗಿ, ಮತ್ತೆ ಎದ್ದು, ಮತ್ತೆ ಮಲಗುವುದನ್ನು ನೋಡುತ್ತ ನೋಡುತ್ತ ಅವಳು ಎಲ್ಲಿಗೋ ಹೋಗಿಬಿಡುತ್ತಿದ್ದಳು. "ನಮ್ಮ ಸೊಸಿ ಭಾಳ ಶಾಣ್ಯಾಕಿ. ಆದ್ರ ಮನ್ಯಾಗ ಇರೂದು ಕಡಿಮಿ," ಎಂದು ಅತ್ತೆ ಜಿನಮತಿ ಬಂದವರಿಗೆಲ್ಲ ಹೇಳುತ್ತಿದ್ದರು. ಸುಗಂಧಾ ಹೊಸ್ತಿಲು ದಾಟದ ದಿನಗಳಲ್ಲೂ ಅವರದು ಅದೇ ಮಾತು.

ಅವಳ ತವರು ನಿಪ್ಪಾಣಿ. ತಂದೆಯದು ತಂಬಾಕಿನ ವಖಾರಿ. ಅದರ ಘಾಟಿಗೆ ಸೀನುತ್ತ ಬೆಳೆದ ಹುಡುಗಿ ಬೆಳಗಾವಿಯಲ್ಲಿ ಆರ್ಕಿಟೆಕ್ಚರ್ ಓದಿದಳು. ಓದು ಮುಗಿದ ವರ್ಷವೇ ಕಾಗವಾಡ ತಾಲೂಕಿನ ಈ ಹೊಳೆದಂಡೆಯ ಊರಿಗೆ ಮಗದುಮ ಮನೆತನದ ಸೊಸೆಯಾಗಿ ಬಂದಳು. ಗಂಡ ಆಬಾಸಾಹೇಬ ಕಬ್ಬಿನ ರೈತ, ಅಳೆದು ತೂಗಿ ಮಾತಾಡುವ ಮನುಷ್ಯ. ಒಬ್ಬಳೇ ಮಗಳು ಸ್ನೇಹಲ.

ಊಟದ ಟೇಬಲ್ಲಿನ ಮೇಲೆ ಹಾಳೆ ಹರಡಿಕೊಂಡು ಸುಗಂಧಾ ಊರಿನವರಿಗೆ ಮನೆಯ ನಕ್ಷೆ ಹಾಕಿಕೊಡುತ್ತಿದ್ದಳು. ಉಗಾರ, ಶೇಡಬಾಳ, ಐನಾಪುರ, ಎಲ್ಲ ಕಡೆಯವರೂ ಬರುತ್ತಿದ್ದರು. ಎಲ್ಲರಿಗೂ ಬೇಕಾದದ್ದು ಒಂದೇ ಮನೆ: ಮುಂದೆ ಪೋರ್ಚು, ಮೇಲೆ ಬಾಲ್ಕನಿ, ಬಾಲ್ಕನಿಗೆ ಸ್ಟೀಲಿನ ಕಟಕಟೆ. ಅವಳು ಅಂಗಳದಲ್ಲಿ ಒಂದು ಬೇವಿನ ಗಿಡ ಬರೆದರೆ ಅದರ ಮೇಲೆ ಬೆರಳಿಟ್ಟು, "ಈ ಗಿಡ ತಗೀರಿ ಮೇಡಮ್ಮಾರ, ಇಲ್ಲಿ ಟ್ರ್ಯಾಕ್ಟರ್ ನಿಲ್ಲತೈತಿ," ಎನ್ನುತ್ತಿದ್ದರು. ಅವಳು ರಬ್ಬರಿನಿಂದ ಗಿಡ ಅಳಿಸುತ್ತಿದ್ದಳು. ಅಳಿಸಿದ ಮೇಲೂ ಹಾಳೆಯ ಮೇಲೆ ಅದರ ಮಸುಕು ಉಳಿಯುತ್ತಿತ್ತು. ಗೋಡೆಗಳಿಗಿಂತ ಆ ಮಸುಕಿನಲ್ಲಿ ತನಗೆ ಹೆಚ್ಚು ಆಸೆ ಇದೆಯೆಂಬುದು ಅವಳಿಗೆ ಎಷ್ಟೋ ವರ್ಷ ಹೊಳೆದಿರಲಿಲ್ಲ.

ಎರಡು ಸಾವಿರದ ಹತ್ತೊಂಬತ್ತರ ಶ್ರಾವಣದಲ್ಲಿ ಹೊಳೆ ಬಂತು. ಆ ಕಡೆ ಮಹಾಪೂರ ಎಂದು ಪೇಪರಿನವರು ಬರೆಯುತ್ತಾರೆ, ಊರಿನವರು ಹೊಳೆ ಬಂತು ಎನ್ನುತ್ತಾರೆ, ಬೀಗರು ಬಂದರು ಎನ್ನುವ ಹಾಗೆ. ಆದರೆ ಆ ವರ್ಷದ ಹೊಳೆ ಬೀಗರ ಮರ್ಯಾದೆ ಇಟ್ಟುಕೊಳ್ಳಲಿಲ್ಲ. ಕೆಳಗಿನ ಓಣಿ, ನಡುವಿನ ಓಣಿ, ಬಸದಿಯ ಮೆಟ್ಟಿಲು, ಒಂದೊಂದಾಗಿ ನುಂಗುತ್ತ ಮೇಲೆ ಬಂತು. ಊರೆಲ್ಲ ದನಕರು ಹೊಡೆದುಕೊಂಡು ಊರ ಹಿಂದಿನ ಮಡ್ಡಿ ಹತ್ತಿತು.

ಮಡ್ಡಿಯೆಂದರೆ ದನ ಮೇಯಲು ಬಿಟ್ಟ ಎತ್ತರದ ಸರಕಾರಿ ಗಾಯರಾಣ. ಕಲ್ಲು, ಹಣಜಿ ಹುಲ್ಲು, ನಾಲ್ಕಾರು ಜಾಲಿಗಿಡ. ಅಲ್ಲಿ ತಾಡಪತ್ರಿ ಕಟ್ಟಿಕೊಂಡು ಜನ ದಿನ ಕಳೆದರು. ಮಳೆ ಬಂದರೆ ಒಳಗೂ ನೀರು, ಬಿಸಿಲು ಬಿದ್ದರೆ ಒಳಗೆ ಕುದಿತ. ಪಕ್ಕದ ಮನೆಯ ತಾರವ್ವನ ಎಮ್ಮೆ ಜಿನಮತಿಯವರ ಹಾಸಿಗೆಯ ಮೇಲೇ ಸಗಣಿ ಹಾಕಿತು. ಸೂರ್ಯ ಮುಳುಗಿದ ಮೇಲೆ ಒಂದು ಅಗುಳೂ ಮುಟ್ಟದ ಜೈನರ ಹೆಣ್ಣುಮಗಳು ಜಿನಮತಿ. ಹಸಿ ಕಟ್ಟಿಗೆ ಹೊತ್ತಿ, ಅನ್ನ ಬೇಯುವಷ್ಟರಲ್ಲಿ ಕತ್ತಲಾಗುತ್ತಿತ್ತು. "ನನಗ ಹಸಿವಿಲ್ಲ ಬಿಡ," ಎಂದು ಅವರು ಗೋಡೆಯಿಲ್ಲದ ಕಡೆ ಗೋಡೆಗೆ ಒರಗಿದವರಂತೆ ನೆಟ್ಟಗೆ ಕೂತಿರುತ್ತಿದ್ದರು.

ಒಂದು ಬೆಳಿಗ್ಗೆ ಸುಗಂಧಾ ಎಲ್ಲರಿಗಿಂತ ಮೊದಲೇ ಎದ್ದಳು. ಮಂಜು ನೀರಿಗೆ ಹತ್ತಿಕೊಂಡಿತ್ತು. ಎಲ್ಲಿ ಮಂಜು ಮುಗಿದು ಎಲ್ಲಿ ಹೊಳೆ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಮುಳುಗಿದ ಕಬ್ಬಿನ ಸುಳಿಗಳು ಮಾತ್ರ ನೀರಿನ ಮೇಲೆ, ಆಗಷ್ಟೇ ಬಾಚಿದ ಹಸಿ ತಲೆಗೂದಲಿನಂತೆ. ದೂರದಲ್ಲಿ ಉಗಾರ ಸಕ್ಕರೆ ಕಾರ್ಖಾನೆಯ ಚಿಮಣಿ, ಅದರ ಕೆಳಗೆ ತಲೆಕೆಳಗಾಗಿ ಇನ್ನೊಂದು ಚಿಮಣಿ. ಸದ್ದಿಲ್ಲ. ಒಂದು ಬಿಳಿ ಕೊಕ್ಕರೆ ಅವರ ಮನೆಯ ಮಾಳಿಗೆಯ ಮೇಲೆ ಕೂತಿತ್ತು. ಎಷ್ಟು ಚಂದ ಎನಿಸಿತು ಅವಳಿಗೆ. ಮರುಕ್ಷಣ ಹಿಂದಿನಿಂದ ಯಾರದೋ ಕೂಸು ಕೆಮ್ಮಿದ್ದು ಕೇಳಿ ನಾಚಿಕೆಯಾಯಿತು. ಆ ಚಂದ ಮತ್ತು ಆ ನಾಚಿಕೆಯ ನಡುವೆ ನಿಂತು ಅವಳಿಗೆ ಒಂದು ವಿಚಾರ ಬಂತು: ಈ ಮಡ್ಡಿ ನಮ್ಮ ಎರಡನೇ ಊರು. ಈ ಊರಿನ ಅಜ್ಜ ಮುತ್ತಜ್ಜಂದಿರು ಹೊಳೆ ಬಂದಾಗಲೆಲ್ಲ ಇಲ್ಲಿಗೇ ಬಂದಿದ್ದಾರೆ. ಆದರೂ ಪ್ರತಿ ಸಲ ಬೇರೆಯವರ ಅಂಗಳಕ್ಕೆ ಬಂದವರ ಹಾಗೆ ಬರುತ್ತೇವೆ. ಈ ನೆಲ ನಮ್ಮ ದಾರಿ ಕಾಯುವ ಹಾಗಿದ್ದರೆ?

ನೀರಿಳಿಯಿತು. ಮನೆಯೊಳಗಿನ ಕೆಸರು ಎಳೆದು ಹಾಕಿದ್ದಾಯಿತು. ಆದರೆ ಆ ಮಡ್ಡಿ ಸುಗಂಧಾಳ ಕಣ್ಣಿಂದ ಇಳಿಯಲಿಲ್ಲ. ನಿದ್ದೆಯಲ್ಲಿ ಅವಳು ಅಲ್ಲಿ ನಡೆಯುತ್ತಿದ್ದಳು. ಕನಸಿನ ಮಡ್ಡಿಗೆ ಓಣಿಗಳಿದ್ದವು, ಗೋಡೆಗಳಿರಲಿಲ್ಲ. ಗೋಡೆಯ ಜಾಗದಲ್ಲಿ ನೆರಳು ಇತ್ತು. ಒಂದು ನೆರಳಿನಿಂದ ಇನ್ನೊಂದಕ್ಕೆ ಹೋಗುವಾಗ ಕಾಲಿಗೆ ತಂಪು ಬದಲಾಗುತ್ತಿತ್ತು. ಎದ್ದು ಹಾಳೆಯ ಮೇಲೆ ಗೀಚಿದರೆ ಅದು ಬರುತ್ತಿರಲಿಲ್ಲ. ಮನೆ ಬರೆಯುವುದು ಕಲಿತಿದ್ದಳು; ನೆರಳು ಬರೆಯುವುದು ಯಾರೂ ಕಲಿಸಿರಲಿಲ್ಲ.

ಇಪ್ಪತ್ತೊಂದರಲ್ಲಿ ಹೊಳೆ ಮತ್ತೆ ಬಂತು. ಮತ್ತೆ ಮಡ್ಡಿ, ಮತ್ತೆ ತಾಡಪತ್ರಿ. ಹಿಂತಿರುಗಿ ಬಂದ ಮೇಲೆ ಒಂದು ಸಂಜೆ ಆಬಾಸಾಹೇಬ ಹೆಂಡತಿಯ ಗೀಚು ಹಾಳೆಗಳನ್ನು ಒಂದೊಂದಾಗಿ ನೋಡಿದ.

"ಇದನ್ನ ಕಲಸೂ ಸಾಲಿ ಎಲ್ಲೂ ಇಲ್ಲೇನ?" ಎಂದು ಕೇಳಿದ.

"ಐತ್ರಿ. ಪುಣೆದಾಗ ಐತಿ. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಅಂತಾರ. ಮನಿ ಹೊರಗಿನ ನೆಲ, ನೀರು, ನೆರಳು ಹೆಂಗಿರಬೇಕು ಅನ್ನೂದನ್ನ ಕಲಸತಾರ. ಎರಡ ವರ್ಷ."

"ಮತ್ತ ಹೋಗು."

"ನನ್ನ ವಯಸ್ಸ ನೋಡೀರಿ? ನಾಳಿ ನಮ್ಮ ಸ್ನೇಹಲ ಕಾಲೇಜಿಗಿ ಹೋಗಾಕಿ."

"ಮನ್ಯಾಗ ಕುಂತ ಬರೇ ಕನಸ ಕಾಣೂದಕ್ಕಿಂತ ಕಲತ ಕಾಣೂದು ಚಲೋ ಅಲ್ಲೇನ?" ಎಂದು ಆಬಾಸಾಹೇಬ ಎದ್ದು ಹೋದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ಜಿನಮತಿ ಒಪ್ಪಲಿಲ್ಲ. "ಗಿಡ ಹಚ್ಚೂದು ಕಲ್ಯಾಕ ಪುಣೆಕ್ಕ ಯಾಕ ಹೋಗಬೇಕ? ತಗ್ಗ ತಗದು ಹಚ್ಚಿ ನೀರ ಹಾಕಿದ್ರ ಆತು," ಎಂದರು. ಸ್ನೇಹಲ ಮಾತ್ರ ಚಪ್ಪಾಳೆ ತಟ್ಟಿ ನಕ್ಕಳು: "ಮಮ್ಮಿ, ಹಾಸ್ಟೆಲಿಗಿ ನಿನ್ನ ಭೇಟಿ ಆಗಾಕ ನಾವು ಡಬ್ಬಿ ತಗೊಂಡ ಬರಬೇಕಲಾ!"

ಪ್ರವೇಶವೇನೋ ಸಿಕ್ಕಿತು. ಆದರೆ ಕಬ್ಬಿನ ಗದ್ದೆ ಎರಡು ಸಲ ಕೊಳೆತ ಮನೆಯಿಂದ ತನ್ನ ಓದಿಗೆ ಹಣ ತೆಗೆಯಲು ಸುಗಂಧಾಳ ಮನಸ್ಸು ಬರಲಿಲ್ಲ. ಆಗ ಕಾಲೇಜಿನವರೇ ಒಂದು ವಿದ್ಯಾರ್ಥಿವೇತನದ ಸುದ್ದಿ ಹೇಳಿದರು. ಹಳೆಯ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟರು ಸೇರಿ ಕಟ್ಟಿದ ಒಂದು ಟ್ರಸ್ಟು, ಈ ವಿಷಯ ಓದುವವರಿಗೆಂದೇ ಕೊಡುವುದು. ನಿನಗೆ ಚೆನ್ನಾಗಿ ಗೊತ್ತಿರುವ ಒಂದು ನೆಲದ ಚಿತ್ರ ಬರೆದುಕೊಂಡು ಬಾ, ಓದು ಮುಗಿದ ಮೇಲೆ ಒಂದು ವರ್ಷ ಆ ನೆಲದ ಜೊತೆ ಇರು: ಅವರ ಷರತ್ತು ಇಷ್ಟೇ. ವಯಸ್ಸಿನ ಮಾತು ನಿಯಮದಲ್ಲಿ ಇರಲಿಲ್ಲ. ನಲವತ್ತರ ಹತ್ತಿರದ ವಿದ್ಯಾರ್ಥಿನಿ ಬರಬಹುದೆಂದು ಬಹುಶಃ ಯಾರಿಗೂ ಹೊಳೆದಿರಲಿಲ್ಲ.

ಸಂದರ್ಶನದ ಕೋಣೆಯಲ್ಲಿ ಫ್ಯಾನು ನಿಧಾನವಾಗಿ ತಿರುಗುತ್ತಿತ್ತು. ಎದುರಿಗೆ ಮೂವರು. ನಡುವೆ ಬೆಳ್ಳಗಿನ ಕೂದಲಿನ ಹೆಂಗಸು ಮರಾಠಿಯಲ್ಲಿ ಕೇಳಿದಳು, "ನಿಮಗೆ ಬಹಳ ಇಷ್ಟವಾದ ಉದ್ಯಾನ ಯಾವುದು?"

ಸುಗಂಧಾಳಿಗಿಂತ ಮೊದಲು ಒಳಗೆ ಹೋದವರು ಪರದೇಶದ ಹೆಸರುಗಳನ್ನು ಹೇಳಿಕೊಂಡು ಬಂದಿದ್ದರು. ಅವಳಿಗೂ ಆ ಹೆಸರುಗಳು ಗೊತ್ತಿದ್ದವು. ಆದರೆ ಬಾಯಿಗೆ ಬರಲಿಲ್ಲ. ಆ ಮಂಜಿನ ಬೆಳಿಗ್ಗೆ ಬಂತು. ಕೊಕ್ಕರೆ ಬಂತು, ಬಾಚಿದ ಕೂದಲಿನಂಥ ಕಬ್ಬು ಬಂತು, ಕೂಸಿನ ಕೆಮ್ಮು ಬಂತು. ಚಂದ ಎನಿಸಿದ್ದಕ್ಕೆ ನಾಚಿಕೆಯಾದದ್ದನ್ನೂ ಹೇಳಿಬಿಟ್ಟಳು. ಹೇಳಿ ಮುಗಿಸಿದಾಗ ತಾನು ಕಿಟಕಿಯ ಹೊರಗೆ ನೋಡುತ್ತಿದ್ದೇನೆ ಎಂದು ಅರಿವಾಗಿ ಗಾಬರಿಯಿಂದ ಮುಖ ತಿರುಗಿಸಿದಳು. "ಆಯಿತು, ಹೋಗಿ ಬನ್ನಿ," ಎಂದಳು ಆ ಹೆಂಗಸು.

"ಹಾಲ ಉಕ್ಕಿಸಿ ಬಂದೆ," ಎಂದು ಸುಗಂಧಾ ಗಂಡನಿಗೆ ಫೋನಿನಲ್ಲಿ ಹೇಳಿದಳು.

ವಿದ್ಯಾರ್ಥಿವೇತನ ಅವಳಿಗೇ ಸಿಕ್ಕಿತು.

ಪುಣೆಯ ಎರಡು ವರ್ಷ ಅವಳಿಗೆ ನೆನಪಾಗುವುದು ಒಂದು ಉದ್ದನೆಯ ಮಧ್ಯಾಹ್ನದಂತೆ. ಹಾಸ್ಟೆಲಿನ ಹುಡುಗಿಯರು ಅವಳನ್ನು ಚಿಕ್ಕಮ್ಮನನ್ನು ಕರೆಯುವ ಹಾಗೆ ಸುಗಂಧಾ ಮಾವಶಿ ಎಂದು ಕರೆದರು. ತಲೆನೋವು ಬಂದರೆ ಅವಳ ಕೋಣೆಗೆ ಬಂದು ಮಲಗಿದರು. ಅವಳು ಅವರಿಂದ ಕಂಪ್ಯೂಟರಿನ ಮೇಲೆ ಬರೆಯುವುದನ್ನು ಕಲಿತಳು. ಮಣ್ಣು ಮುಟ್ಟಿ ಅದರ ಹದ ಹೇಳುವುದು, ನೀರು ಎತ್ತ ಹರಿಯಲು ಬಯಸುತ್ತದೆ ಎಂದು ನೆಲದ ಏರಿಳಿತದಿಂದ ಓದುವುದು, ಒಂದು ಗಿಡದ ನೆರಳು ಚೈತ್ರದಲ್ಲಿ ಎಲ್ಲಿ ಬೀಳುತ್ತದೆ, ಮಾಗಿಯಲ್ಲಿ ಎಲ್ಲಿಗೆ ಸರಿಯುತ್ತದೆ ಎಂದು ಲೆಕ್ಕ ಹಾಕುವುದು ಕಲಿತಳು. ರಜೆಗೆ ಊರಿಗೆ ಬರುವಾಗ ಮಿರಜಿನಲ್ಲಿ ಗಾಡಿ ಬದಲಿಸಿ ಕಿಟಕಿಗೆ ಕೂರುತ್ತಿದ್ದಳು. ಶೇಡಬಾಳ ದಾಟಿದ ಮೇಲೆ ಎರಡೂ ಕಡೆ ಕಬ್ಬು ಮುಚ್ಚಿಕೊಂಡು ಬರುತ್ತಿತ್ತು. ಗಾಡಿಯ ಸದ್ದು ಹಸಿರಿನೊಳಗೆ ಮೆತ್ತಗಾಗುತ್ತಿತ್ತು. ಎಚ್ಚರವೋ ನಿದ್ದೆಯೋ ತಿಳಿಯದ ಆ ಹೊತ್ತಿನಲ್ಲಿ ಮಡ್ಡಿಯ ಓಣಿಗಳು ಅವಳಿಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಎಷ್ಟೋ ಸಲ ಇಳಿಯಬೇಕಾದ ಉಗಾರ ಬಂದದ್ದೂ ತಿಳಿಯದೆ ಮುಂದಿನ ಕುಡಚಿಯಲ್ಲಿ ಇಳಿದು ಗಂಡನಿಗೆ ಫೋನು ಮಾಡಿದ್ದಳು.

ಕೊನೆಯ ವರ್ಷದ ಕೆಲಸಕ್ಕೆ ಅವಳು ಮಡ್ಡಿಯನ್ನೇ ಆರಿಸಿಕೊಂಡಳು. ಮನೆಮನೆಗೆ ಹೋಗಿ ಕೂತು, ಮಡ್ಡಿಯ ಮೇಲೆ ಹೇಗಿದ್ದಿರಿ, ಯಾವುದಕ್ಕೆ ಅತ್ತಿರಿ, ಯಾವಾಗ ನಕ್ಕಿರಿ ಎಂದು ಕೇಳಿದಳು. ತಾರವ್ವ ಎಮ್ಮೆಗೆ ಹಿಂಡಿ ಕಲಸುತ್ತಲೇ ಹೇಳಿದಳು:

"ವೈನಿ, ನಾವೆಲ್ಲಾ ಅಲ್ಲಿ ಊರ ಕಡಿ ಮಾರಿ ಮಾಡೇ ಕುಂತಿದ್ವಿ ನೋಡ್ರಿ. ಮನಿ ಕಾಣಸಬೇಕ. ಮುಳಗಿದ್ರೂ ಕಾಣಸಬೇಕ. ನೀವು ಗಿಡ ಹಚ್ಚೂದಾದ್ರ ಆ ಕಡಿ ಕಾಣದಂಗ ಮರಿ ಮಾಡಬ್ಯಾಡ್ರಿ."

ಸುಗಂಧಾ ಹಾಗೆಯೇ ಬರೆದಳು. ಊರಿನ ಒಂದೊಂದು ಓಣಿಗೆ ಮಡ್ಡಿಯ ಮೇಲೆ ಅದರದೇ ಒಂದು ನೆರಳು. ಬೇವು, ಹೊಂಗೆ, ಹುಣಸೆ, ಅತ್ತಿ. ಯಾವ ಓಣಿಗೆ ಯಾವುದು ಎಂದು ಗುರುತು. ದನಗಳಿಗೆ ಗಾಳಿಯ ಕೆಳಗಿನ ಕಡೆ ಜಾಗ, ವಾಸನೆ ಜನರತ್ತ ಬಾರದಂತೆ. ನೀರು ನಿಲ್ಲದಂತೆ ಸಣ್ಣ ಕಾಲುವೆಗಳು. ಕಟ್ಟಿಗೆ ಒಣಗಿರಲು ಮೇಲ್ಚಾವಣಿಯಿರುವ ಒಲೆಕಟ್ಟೆಗಳು. ಊರಿನ ಕಡೆಗೆ ಗಿಡವಿಲ್ಲದ ಬಯಲು, ಅಲ್ಲಿ ಕೂರಲು ಉದ್ದನೆಯ ಕಲ್ಲಿನ ಕಟ್ಟೆ. ಹೊಳೆ ಬಾರದ ವರ್ಷಗಳಲ್ಲಿ ಅದೇ ಜಾಗ ಮಕ್ಕಳಿಗೆ ಆಟಕ್ಕೆ, ದನ ಕಾಯುವವರಿಗೆ ಮಲಗುವುದಕ್ಕೆ. ನಾಲ್ಕು ಋತುಗಳ ನಾಲ್ಕು ಚಿತ್ರ ಮಾಡಿದಳು. ಮಳೆಗಾಲದ ಚಿತ್ರದಲ್ಲಿ ಜನ ಇದ್ದರು, ನೀರು ಇತ್ತು, ನೀರಿನ ಮೇಲೆ ಮಂಜೂ ಇತ್ತು.

ಗುರುಗಳು ಅದನ್ನು ದೇಶದ ಲ್ಯಾಂಡ್‌ಸ್ಕೇಪ್ ವಿದ್ಯಾರ್ಥಿಗಳಿಗೆಂದು ಇರುವ ಒಂದು ಪ್ರಶಸ್ತಿಗೆ ಕಳಿಸಿದರು. ಮುಂಬಯಿಯಲ್ಲಿ ಸಮಾರಂಭ. ಸ್ನೇಹಲ ಜೊತೆಗೆ ಹೋದಳು. ಬಾಗಿಲಲ್ಲಿ ನಿಂತ ಹುಡುಗ ಸ್ನೇಹಲಳಿಗೆ ಮುಂದಿನ ಸಾಲು ತೋರಿಸಿ, ಸುಗಂಧಾಳಿಗೆ, "ಪಾಲಕರು ಹಿಂದೆ ಕೂರಬೇಕು ಆಂಟಿ," ಎಂದ. ಸ್ನೇಹಲ ಬಾಯಿ ತೆರೆಯುವಷ್ಟರಲ್ಲಿ ಸುಗಂಧಾ ಅವಳ ಕೈ ಒತ್ತಿದಳು. ಪಾಲಕರ ಸಾಲಿನಲ್ಲಿ ಕೂತಳು. ಪಕ್ಕದ ಹೆಂಗಸು, "ನಿಮ್ಮದು ಮಗನೋ ಮಗಳೋ?" ಎಂದಳು. "ಮಗಳು," ಎಂದಳು ಇವಳು. ಸುಳ್ಳೇನೂ ಅಲ್ಲ. ಹೆಸರು ಕೂಗಿದಾಗ ಆ ಹೆಂಗಸು ಚಪ್ಪಾಳೆ ತಟ್ಟುತ್ತ ಮುಂದಿನ ಸಾಲಿನಲ್ಲಿ ಯಾರು ಏಳುತ್ತಾರೆಂದು ನೋಡುತ್ತಿದ್ದಳು. ಪಕ್ಕದಲ್ಲಿ ಕೂತವಳೇ ಸೀರೆಯ ನಿರಿಗೆ ಹಿಡಿದು ಎದ್ದದ್ದನ್ನು ಕಂಡು ಅವಳ ಕೈ ಗಾಳಿಯಲ್ಲೇ ನಿಂತಿತು.

ವೇದಿಕೆಯ ದೀಪಗಳು ಕಣ್ಣು ಕುಕ್ಕಿದವು. ಎದುರಿನ ಕತ್ತಲೆಯ ತುಂಬ ಜನರ ಉಸಿರು. ತೀರ್ಪುಗಾರರೊಬ್ಬರು ಮೈಕಿನಲ್ಲಿ, "ಇದೊಂದು ಸುಂದರ ಕನಸು. ಇಂಥವು ಸಾಮಾನ್ಯವಾಗಿ ಕಾಗದದ ಮೇಲೇ ಉಳಿಯುತ್ತವೆ. ಆದರೂ ಕನಸಿಗೆ ಗೌರವ ಸಲ್ಲಬೇಕು," ಎಂದರು. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಸುಗಂಧಾಳೂ ನಕ್ಕಳು. ತಿರುಗಿ ಬರುವಾಗ ಗಾಡಿಯಲ್ಲಿ ಮಾತ್ರ ಆ ಮಾತು ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚುತ್ತ ಬಂತು.

ಊರಿನಲ್ಲಿ ಪಂಚಾಯತಿಯವರು ಶಾಲು ಹೊದಿಸಿದರು. ಫೋಟೊ ತೆಗೆದರು. ಮಡ್ಡಿಯ ಮಾತು ಬಂದಾಗ, "ನೋಡೂಣ್ರಿ, ಮ್ಯಾಲಿಂದ ಬರಬೇಕ," ಎಂದರು. ಪ್ರಶಸ್ತಿ ಪಡಸಾಲೆಯ ಕಪಾಟಿನಲ್ಲಿ ಸ್ನೇಹಲಳ ಖೋ ಖೋ ಕಪ್ಪಿನ ಪಕ್ಕ ಕೂತಿತು. ಅದನ್ನು ನೋಡಿದಾಗಲೆಲ್ಲ ಸುಗಂಧಾಗೆ ನಡೆಯದ ಮದುವೆಯ ಲಗ್ನಪತ್ರಿಕೆ ನೋಡಿದ ಹಾಗಾಗುತ್ತಿತ್ತು.

ಆದರೆ ವಿದ್ಯಾರ್ಥಿವೇತನದವರಿಗೆ ಕೊಟ್ಟ ಮಾತು ಇತ್ತಲ್ಲ, ಒಂದು ವರ್ಷ ಆ ನೆಲದ ಜೊತೆ ಇರುತ್ತೇನೆ ಎಂದು. ಪಂಚಾಯತಿಯಿಂದ ಗಿಡ ಹಚ್ಚಲು ಒಪ್ಪಿಗೆಯನ್ನಷ್ಟೇ ಕೇಳಿ ಪಡೆದಳು. ಮಳೆ ಬಿದ್ದ ಮೇಲೆ ಓಣಿಓಣಿಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಮಡ್ಡಿ ಹತ್ತಿದಳು. ನಿಮ್ಮ ಓಣಿಯ ನೆರಳು ಇಲ್ಲಿ ಎಂದು ಸುಣ್ಣದಿಂದ ಗೆರೆ ಎಳೆದಳು. ಜನ ನಗುನಗುತ್ತಲೇ ಸಸಿ ಹಚ್ಚಿದರು. ಬೇಸಿಗೆ ಬರುವ ಹೊತ್ತಿಗೆ ಅರ್ಧಕ್ಕರ್ಧ ಒಣಗಿದವು, ಉಳಿದವುಗಳಲ್ಲಿ ಅರ್ಧವನ್ನು ಆಡುಗಳು ಮೇಯ್ದವು.

ಅದನ್ನು ಕಂಡು ಬಂದ ದಿನ ಸುಗಂಧಾ ಉಣ್ಣದೆ ಮಲಗಿದಳು. ಮರುದಿನ ಸಂಜೆ ಆಬಾಸಾಹೇಬ ಟ್ರ್ಯಾಕ್ಟರಿಗೆ ನೀರಿನ ಟ್ಯಾಂಕರು ಕಟ್ಟಿ ಮಡ್ಡಿಗೆ ಹೊಡೆದ. ಹಿಂದೆಯೇ ಜಿನಮತಿ ಒಂದು ಜಾಲಿಮುಳ್ಳಿನ ಟೊಂಗೆ ಎಳೆದುಕೊಂಡು ನಡೆದರು.

"ಆಯಿ, ನೀವ್ಯಾಕ ಬಂದ್ರಿ?" ಎಂದು ಸುಗಂಧಾ ಓಡಿದಳು.

"ಪುಣೆದಾಗ ಬೇಲಿ ಹಚ್ಚೂದು ಕಲಸಲಿಲ್ಲೇನ ನಿನಗ?" ಎಂದು ಅತ್ತೆ ಉಸಿರು ಬಿಡುತ್ತ ಕೇಳಿದರು. "ಹಿಡಿ ಈ ಕಡೆ."

ಮುಂದಿನ ಮಳೆಗೆ ಸಸಿಯ ಜೊತೆ ತೋಳಗಾತ್ರದ ಆಲದ ಟೊಂಗೆಗಳನ್ನೂ ನೆಟ್ಟರು. ಅವನ್ನು ಆಡು ಮುಟ್ಟಲಿಲ್ಲ. ಕಾರ್ಖಾನೆಯಿಂದ ನಿವೃತ್ತರಾದ ಕೆಲವರು ಒಲೆಕಟ್ಟೆ ಕಟ್ಟಿ, ಕಂಬ ನಿಲ್ಲಿಸಿ ತಗಡು ಹೊದಿಸಿಕೊಟ್ಟರು. ಹಳೆ ಮನೆ ಕೆಡವಿದವರು ಕಟ್ಟೆಗೆ ಕಲ್ಲು ಕೊಟ್ಟರು. ಒಂದು ವರ್ಷದ ಮಾತು ಮುಗಿದದ್ದು ಸುಗಂಧಾಗೆ ತಿಳಿಯಲೂ ಇಲ್ಲ. ಟ್ರಸ್ಟಿನವರು ಕೇಳಿದಾಗ ಫೋಟೊ ಕಳಿಸಿದಳು. ಕಾಗದದ ಮೇಲಿನಷ್ಟು ಚಂದ ಇಲ್ಲ ಎಂದೂ ಬರೆದಳು. ಗೆರೆಗಳು ಡೊಂಕಾಗಿದ್ದವು. ಹುಣಸೆ ಇರಬೇಕಾದಲ್ಲಿ ಯಾರೋ ಪೇರಲ ಹಚ್ಚಿದ್ದರು.

ಹೋದ ಮಳೆಗಾಲದಲ್ಲಿ ಹೊಳೆ ಬಂತು. ಹಿಂದಿನಷ್ಟಲ್ಲ, ಕೆಳಗಿನ ಎರಡು ಓಣಿ ತುಂಬಿ, ಬಸದಿಯ ಮೆಟ್ಟಿಲಿಗೆ ಬಂದು ನಿಂತಿತು. ಮುಂಜಾಗ್ರತೆಗೆಂದು ಊರು ಮಡ್ಡಿ ಹತ್ತಿತು. ಸುಗಂಧಾ ಕೊನೆಗೆ ಹೋದಳು. ಯಾರಾದರೂ ಕೇಳಿದರೆ ಜಾಗ ತೋರಿಸಬೇಕು ಎಂದುಕೊಂಡು ಹೋದವಳಿಗೆ ತೋರಿಸಲು ಯಾರೂ ಉಳಿದಿರಲಿಲ್ಲ. ಜನ ತಮ್ಮ ತಮ್ಮ ನೆರಳಿನ ಕೆಳಗೆ ಆಗಲೇ ತಾಡಪತ್ರಿ ಬಿಗಿದಿದ್ದರು. ನೆರಳೆಂದರೆ ಇನ್ನೂ ಮನುಷ್ಯನ ಎತ್ತರದ ಗಿಡಗಳು, ಹಿಡಿಯಷ್ಟು ಎಲೆ. ಆದರೂ ಕೆಳಗಿನ ಓಣಿಯವರು ಹೊಂಗೆಯ ಕಡೆ, ನಡುವಿನವರು ಬೇವಿನ ಕಡೆ. ತಾರವ್ವ ಎಮ್ಮೆಯನ್ನು ಗಾಳಿಯ ಕೆಳಗೆ ಕಟ್ಟಿ, "ಈ ಸಲ ನಮ್ಮ ರಾಣಿ ಯಾರ ಹಾಸಿಗಿ ಮ್ಯಾಲೂ ಬರೂದಿಲ್ಲರೀ ಆಯಿ," ಎಂದು ಕೂಗಿದಳು. ತಗಡಿನ ಕೆಳಗೆ ಒಣ ಕಟ್ಟಿಗೆ ಚಟಚಟ ಹೊತ್ತಿತು. ಹೊತ್ತು ಮುಳುಗುವ ಮೊದಲೇ ಜಿನಮತಿ ಊಟ ಮುಗಿಸಿ ಬಾಯಿ ತೊಳೆದು, ಕಲ್ಲಿನ ಕಟ್ಟೆಯ ಮೇಲೆ ಊರಿನ ಕಡೆ ಮುಖ ಮಾಡಿ ಕೂತರು. ಸೊಸೆಗೆಂದು ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದರು.

ಮಾರನೆಯ ಮಧ್ಯಾಹ್ನ ಮಳೆ ನಿಂತು ತೆಳುಬಿಸಿಲು ಬಿತ್ತು. ಸುಗಂಧಾ ಓಣಿಯಿಂದ ಓಣಿಗೆ ನಡೆದಳು. ಎಲ್ಲೋ ಖಾರ ಕುಟ್ಟುವ ಸದ್ದು, ಎಲ್ಲೋ ಇಸ್ಪೀಟಿನ ನಗೆ. ಗಿಡದಿಂದ ಗಿಡಕ್ಕೆ ಹೋಗುವಾಗ ಬೆನ್ನ ಮೇಲೆ ಬಿಸಿಲು, ತಂಪು, ಮತ್ತೆ ಬಿಸಿಲು. ಅತ್ತಿಗಿಡದ ಹತ್ತಿರ ಅವಳು ನಿಂತಳು. ತಗಡಿನ ಎರಡು ಕಂಬಗಳ ನಡುವೆ ಯಾರೋ ಹಳದಿ ಸೀರೆಯ ಜೋಳಿಗೆ ಕಟ್ಟಿದ್ದರು. ಒಳಗೊಂದು ಕೂಸು, ಮುಷ್ಟಿ ಬಿಗಿದುಕೊಂಡು ನಿದ್ದೆ ಹೋಗಿತ್ತು. ಅವಳ ಯಾವ ಚಿತ್ರದಲ್ಲೂ ಜೋಳಿಗೆ ಇರಲಿಲ್ಲ. ಅವಳಿಗೆ ಅದು ಹೊಳೆದಿರಲೇ ಇಲ್ಲ.

ಒಲೆಯ ಕಡೆಯಿಂದ ಒಬ್ಬ ಹುಡುಗಿ, ಹೊಸದಾಗಿ ತಾಯಾದವಳು, ಹಿಟ್ಟಿನ ಕೈಯಲ್ಲೇ ಇಣುಕಿ ನೋಡಿದಳು.

"ವೈನಿ, ಒಂದೀಟ ತೂಗ್ರಿ. ನಾ ಎರಡ ರೊಟ್ಟಿ ಬಡದ ಬರತೇನಿ."

"ಹೋಗವಾ, ಸಾವಕಾಶ ಬಾ," ಎಂದಳು ಸುಗಂಧಾ. ಜೋಳಿಗೆಯ ಅಂಚು ಹಿಡಿದು ಮೆಲ್ಲಗೆ ದೂಡಿದಳು. ಅದು ಹೋಗಿ ಬಂತು, ಹೋಗಿ ಬಂತು. ಎಳೆಯ ಅತ್ತಿಯ ನಾಲ್ಕೆಲೆಯ ನೆರಳು ಕೂಸಿನ ಮುಖದ ಮೇಲೆ ಬಂದು ಸರಿಯಿತು.